ಕೆಸರಿನ ಬಂಡಿ ಅರಮನೆಯ ಪಲ್ಲಕ್ಕಿಯಾದ ಬಗೆ

1971ರಲ್ಲಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿ, ಮೋನಾಲಿಸಾ ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತವಾದ ಆ ಕಲಾಮಂದಿರದಲ್ಲಿ, ಒಂದು ಮೋಟಾರು ವಾಹನವನ್ನು ತಂದು ನಿಲ್ಲಿಸಿದ್ದರು. ಕೈಗಾರಿಕಾ ವಿನ್ಯಾಸಕ್ಕೆ ಅದೊಂದು ಮೇಲ್ಪಂಕ್ತಿ ಎಂಬುದು ಕಾರಣ. ತಮಾಷೆಯೆಂದರೆ ಆ ವಾಹನವನ್ನು ರೂಪಿಸಿದ ಎಂಜಿನಿಯರುಗಳು ಅದರ ಅಂದಚಂದಕ್ಕಾಗಿ ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ಆಸನಗಳಿಗೆ ಇದ್ದುದು ಚರ್ಮವಲ್ಲ, ವಿನೈಲ್ ಹೊದಿಕೆ. ಕಾಲಡಿಗೆ ಇದ್ದುದು ಜಮಖಾನವಲ್ಲ, ರಬ್ಬರಿನ ಹಾಸು. ಹೊಲದಲ್ಲಿ ಓಡಾಡಿ ಒಳಗೆಲ್ಲ ಕೆಸರಾದರೆ ಬಾಗಿಲು ತೆರೆದು, ದನದ ಕೊಟ್ಟಿಗೆ ತೊಳೆದಂತೆ ಪೈಪಿನಿಂದ ನೀರು ಬಿಟ್ಟು ತೊಳೆದುಬಿಡಬಹುದು ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಆ ವಾಹನದ ಹೆಸರು ರೇಂಜ್ ರೋವರ್.

ಈಗ ಅದೇ ಹೆಸರಿನ ವಾಹನಕ್ಕೆ ಯಾರಾದರೂ ಪೈಪು ಹಿಡಿದು ಒಳಗೆ ನೀರು ಬಿಟ್ಟಾರೆ? ನಮ್ಮ ದೇಶದಲ್ಲಿ ಅದರ ಬೆಲೆ ಎರಡು ಕೋಟಿ ರೂಪಾಯಿಗಿಂತ ಮೇಲೆ. ಚಿತ್ರನಟರು, ಉದ್ಯಮಿಗಳು, ಮಂತ್ರಿಗಳ ಮಕ್ಕಳು ಏರುವ ವಾಹನ. ಮೆತ್ತನೆಯ ಚರ್ಮ, ನಯಗೊಳಿಸಿದ ಮರ, ಬೆನ್ನು ನೀವುವ ಆಸನ ಎಲ್ಲ ಉಂಟು. ಶ್ರೀಮಂತರು ಕೊಳ್ಳತೊಡಗಿದರು, ಕಂಪೆನಿ ಅವರಿಗೆ ಬೇಕಾದ ಒಡವೆ ತೊಡಿಸುತ್ತ ಹೋಯಿತು ಎಂದು ಇದನ್ನು ಸುಲಭವಾಗಿ ವಿವರಿಸಿಬಿಡಬಹುದು. ಅದರಲ್ಲಿ ಅರ್ಧ ಮಾತ್ರ ನಿಜ. ಮಿಕ್ಕರ್ಧ ಹೆಚ್ಚು ಸ್ವಾರಸ್ಯದ್ದು. ಈ ವಾಹನದ ಸುಖವೆಲ್ಲ ಮೊದಲು ಹುಟ್ಟಿದ್ದು ಸುಖಕ್ಕಾಗಿ ಅಲ್ಲ, ಕೆಸರು ದಾಟುವುದಕ್ಕಾಗಿ.

ಕಥೆ ಆರಂಭವಾಗುವುದು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಬಡ ಇಂಗ್ಲೆಂಡಿನಲ್ಲಿ. ರೋವರ್ ಎಂಬುದು ಅಲ್ಲಿನ ಗೌರವಸ್ಥ ಕಾರು ಕಂಪೆನಿ. ಡಾಕ್ಟರು, ವಕೀಲರಂಥವರು ಕೊಳ್ಳುವ ಗಂಭೀರ ಕಾರುಗಳ ತಯಾರಕ. ಯುದ್ಧಕಾಲದಲ್ಲಿ ಅದರ ಸಾಲಿಹಲ್ ಕಾರ್ಖಾನೆ ವಿಮಾನದ ಎಂಜಿನುಗಳನ್ನು ಮಾಡುತ್ತಿತ್ತು. ಯುದ್ಧ ಮುಗಿದಾಗ ಕಾರ್ಖಾನೆಯೇನೋ ಇತ್ತು, ಉಕ್ಕು ಇರಲಿಲ್ಲ. ಉಕ್ಕು ಸರ್ಕಾರದ ಪಡಿತರ. ಪರದೇಶಗಳಿಗೆ ಮಾಲು ಕಳಿಸಿ ಹಣ ತರುವವರಿಗೆ ಮೊದಲ ಪಾಲು.

ಕಂಪೆನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್. ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಅವರಿಗೆ ಜಮೀನಿತ್ತು. ಅಲ್ಲಿನ ಕೆಲಸಕ್ಕೆ ಅಮೆರಿಕನ್ ಸೈನ್ಯ ಬಿಟ್ಟುಹೋದ ಹಳೆಯ ವಿಲ್ಲೀಸ್ ಜೀಪೊಂದನ್ನು ಇಟ್ಟುಕೊಂಡಿದ್ದರು. ನಮ್ಮ ಮಲೆನಾಡು, ಕೊಡಗಿನ ಎಸ್ಟೇಟುಗಳ ಹಾದಿಯಲ್ಲಿ ಏದುಸಿರು ಬಿಡುತ್ತಾ ಏರುವ ಜೀಪಿನ ಮೂಲಪುರುಷನೇ ಅದು. ಈ ಜೀಪು ಕೆಟ್ಟು ಮೂಲೆಗೆ ಬಿದ್ದರೆ ಮುಂದೇನು ಎಂಬ ಪ್ರಶ್ನೆಯಿಂದ ಹುಟ್ಟಿದ್ದು ಲ್ಯಾಂಡ್ ರೋವರ್. ವಿಲ್ಕ್ಸ್ ಅದರ ಮೊದಲ ನಕ್ಷೆಯನ್ನು ಆಂಗಲ್ಸಿಯ ರೆಡ್ ವಾರ್ಫ್ ಕೊಲ್ಲಿಯ ಮರಳಿನ ಮೇಲೆ ಕಡ್ಡಿಯಿಂದ ಗೀಚಿ, ಕಂಪೆನಿಯ ಆಡಳಿತ ನೋಡುತ್ತಿದ್ದ ಅಣ್ಣ ಸ್ಪೆನ್ಸರ್ ವಿಲ್ಕ್ಸ್‌ಗೆ ತೋರಿಸಿದರಂತೆ.

ಕೊರತೆಯೇ ಆ ಗಾಡಿಯ ಶಿಲ್ಪಿ ಎನ್ನಬೇಕು. ಉಕ್ಕು ಸಿಗದು, ಹಾಗಾಗಿ ಮೈಗೆ ಅಲ್ಯುಮಿನಿಯಂ ಮಿಶ್ರಲೋಹದ ತಗಡು. ಅಚ್ಚುಗಳಿಗೆ ಹಣವಿಲ್ಲ, ಹಾಗಾಗಿ ತಗಡನ್ನು ಆದಷ್ಟು ಚಪ್ಪಟೆಯಾಗಿಯೇ ಬಿಟ್ಟರು. ಬಣ್ಣ ಯುದ್ಧವಿಮಾನಗಳಿಗೆಂದು ತರಿಸಿ ಉಳಿದ ಹಸಿರು. ಮೊದಲ ಮಾದರಿಯಲ್ಲಿ ಸ್ಟಿಯರಿಂಗ್ ಚಕ್ರ ಟ್ರ್ಯಾಕ್ಟರಿನಲ್ಲಿದ್ದಂತೆ ನಟ್ಟನಡುವೆ ಇತ್ತು. ಎಂಜಿನಿನ ಬಲವನ್ನು ಹೊರಗೆ ಎಳೆದು ಬೇರೆ ಯಂತ್ರಗಳನ್ನು ಓಡಿಸುವ ಏರ್ಪಾಡೂ ಉಂಟು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಂ ಮೋಟಾರು ಪ್ರದರ್ಶನದಲ್ಲಿ ಇದು ಹೊರಬಂತು. ನಾಲ್ಕು ಕಾಲ ನಡೆದರೆ ಸಾಕು, ಅಷ್ಟರಲ್ಲಿ ಕಾರುಗಳಿಗೆ ಉಕ್ಕು ಬಂದೀತು ಎಂದು ಕಂಪೆನಿ ಎಣಿಸಿತ್ತು. ಆದರೆ ಬೇಗನೆ ಅದು ಕಾರುಗಳನ್ನೇ ಹಿಂದಿಕ್ಕಿ ಮಾರಾಟವಾಯಿತು. ಆಫ್ರಿಕದ ಮರುಭೂಮಿ, ಆಸ್ಟ್ರೇಲಿಯದ ಬಯಲು, ನಮ್ಮ ಡಾರ್ಜಿಲಿಂಗ್ ಸೀಮೆಯ ಚಹಾ ತೋಟ ಎಲ್ಲ ಕಡೆಗೂ ಹೋಯಿತು. ಮಾನೆಭಂಜಂಗ್‌ನಿಂದ ಸಂದಕ್‌ಫೂ ಶಿಖರಕ್ಕೆ ಪ್ರವಾಸಿಗಳನ್ನು ಒಯ್ಯುವುದರಲ್ಲಿ ಹೆಸರು ಮಾಡಿದ್ದು ಆ ಕಾಲದ ಲ್ಯಾಂಡ್ ರೋವರುಗಳೇ.

ಒಂದೇ ತೊಂದರೆ. ಅದರಲ್ಲಿ ಕೂತವರ ನಡು ಮುರಿಯುತ್ತಿತ್ತು.

ಇಲ್ಲಿ ಸ್ವಲ್ಪ ಯಂತ್ರದ ಮಾತು ಬೇಕಾಗುತ್ತದೆ. ಲಾರಿಯ ಅಡಿಯಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನುಗಳನ್ನು ನಾವೆಲ್ಲ ನೋಡಿದ್ದೇವೆ. ಜೀಪಿಗೂ ಲ್ಯಾಂಡ್ ರೋವರಿಗೂ ಇದ್ದುದು ಅವೇ. ಗಟ್ಟಿ, ಅಗ್ಗ, ಎಷ್ಟು ಹೇರಿದರೂ ತಾಳಿಕೊಳ್ಳುತ್ತವೆ. ಆದರೆ ಬಿಗಿ. ಚಕ್ರ ಒಂದು ಕಲ್ಲು ಹತ್ತಿದರೆ ಇಡೀ ಗಾಡಿಯೇ ಕಲ್ಲು ಹತ್ತಿದಂತೆ ನೆಗೆಯುತ್ತದೆ. ಕೂತವರಿಗೆ ನೋವಾಗುತ್ತದೆ ಎನ್ನುವುದು ಹಾಗಿರಲಿ. ನೆಗೆದಾಗ ಬೇರೊಂದು ಚಕ್ರ ನೆಲ ಬಿಡುತ್ತದೆ. ಗಾಳಿಯಲ್ಲಿ ತಿರುಗುವ ಚಕ್ರ ಗಾಡಿಯನ್ನು ಎಳೆಯಲಾರದು. ಅಂದರೆ ಒರಟು ಸವಾರಿ ಗಟ್ಟಿತನದ ಗುರುತು ಎಂದು ನಾವು ತಿಳಿದಿರುವುದು ತಪ್ಪು. ಅದು ದುರ್ಬಲತೆಯ ಗುರುತು.

ಇದನ್ನು ಸರಿಯಾಗಿ ಗ್ರಹಿಸಿದವರು ಚಾರ್ಲ್ಸ್ ಸ್ಪೆನ್ಸರ್ ಕಿಂಗ್, ವಿಲ್ಕ್ಸ್ ಸೋದರರ ಅಕ್ಕತಂಗಿಯರ ಕಡೆಯ ಸಂಬಂಧದವರು, ಸ್ಪೆನ್ ಕಿಂಗ್ ಎಂದೇ ಪ್ರಸಿದ್ಧರು. ಮೆತ್ತನೆಯ, ಉದ್ದಕ್ಕೆ ಚಾಚಿ ಕುಗ್ಗಬಲ್ಲ ಸುರುಳಿ ಸ್ಪ್ರಿಂಗುಗಳನ್ನು ಹಾಕಿದರೆ ಚಕ್ರ ಹಳ್ಳಕ್ಕೆ ಇಳಿಯುತ್ತದೆ, ದಿಣ್ಣೆ ಏರುತ್ತದೆ, ಆದರೆ ಮೈ ಮಾತ್ರ ಹೆಚ್ಚು ಅಲುಗದೆ ಸಾಗುತ್ತದೆ. ನಾಲ್ಕೂ ಚಕ್ರ ಸದಾ ನೆಲ ಕಚ್ಚಿಕೊಂಡಿರುತ್ತವೆ. ಕಾರಿನ ಮೆತ್ತನೆಯ ಸ್ಪ್ರಿಂಗು ಹೊಲದಲ್ಲಿಯೇ ಹೆಚ್ಚು ಉಪಯೋಗಿ ಎಂಬ ಈ ತಲೆಕೆಳಗಾದ ಯೋಚನೆ ರೇಂಜ್ ರೋವರಿನ ಬೀಜ.

1966ರಲ್ಲಿ ಕಿಂಗ್ ಮತ್ತು ಗಾರ್ಡನ್ ಬ್ಯಾಶ್‌ಫರ್ಡ್ ಕೆಲಸ ಶುರು ಮಾಡಿದರು. ಬ್ಯಾಶ್‌ಫರ್ಡ್ ಹಿಂದೆ 1950ರ ದಶಕದಲ್ಲಿಯೇ ‘ರೋಡ್ ರೋವರ್’ ಎಂಬ ಅರ್ಧ ಕಾರು ಅರ್ಧ ಜೀಪಿನ ಯೋಜನೆಯಲ್ಲಿದ್ದವರು. ಅದು ಕಾಗದದಿಂದ ಕೆಲವು ಮಾದರಿಗಳವರೆಗೆ ಬಂದು ನಿಂತುಹೋಗಿತ್ತು. ಈ ಬಾರಿ ಅದೃಷ್ಟವೂ ಒದಗಿಬಂತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಬ್ಯೂಕ್ ಕಾರಿಗೆಂದು ಮಾಡಿ, ತಯಾರಿಕೆ ದುಬಾರಿಯೆಂದು ಕೈಬಿಟ್ಟ ಎಂಟು ಸಿಲಿಂಡರುಗಳ ಅಲ್ಯುಮಿನಿಯಂ ಎಂಜಿನೊಂದು ರೋವರ್‌ನ ಮುಖ್ಯಸ್ಥ ವಿಲಿಯಂ ಮಾರ್ಟಿನ್ ಹರ್ಸ್ಟ್ ಅವರ ಕಣ್ಣಿಗೆ ಬಿದ್ದಿತ್ತು, ಅದೂ ದೋಣಿಯ ಎಂಜಿನುಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ. 1965ರಲ್ಲಿ ಅದರ ಹಕ್ಕನ್ನು ಕೊಂಡರು. ಮೂರೂವರೆ ಲೀಟರಿನ ಈ ಎಂಜಿನ್ ಬಲಶಾಲಿ, ಆದರೂ ಹಗುರ. ಅಮೆರಿಕನ್ನರು ಎಸೆದದ್ದನ್ನು ಎತ್ತಿಕೊಂಡ ಇಂಗ್ಲಿಷರು ಅದನ್ನು 2004ರವರೆಗೆ ತಮ್ಮ ವಾಹನಗಳಲ್ಲಿ ಓಡಿಸಿದರು.

ಬಲ ಹೆಚ್ಚಿದಾಗ ಹೊಸದೊಂದು ಸಮಸ್ಯೆ. ಅಷ್ಟೂ ಬಲವನ್ನು ಹಿಂದಿನ ಎರಡು ಚಕ್ರಗಳಿಗೇ ಕೊಟ್ಟರೆ ಹಿಂದಿನ ಆಕ್ಸಲ್ ದಪ್ಪವಾಗಿ, ಭಾರವಾಗಿ ಇರಬೇಕು. ಭಾರದ ಆಕ್ಸಲ್ ಮೆತ್ತನೆಯ ಸ್ಪ್ರಿಂಗಿಗೆ ಒಗ್ಗದು. ಹಾಗಾದರೆ ಬಲವನ್ನು ಹಂಚಿಬಿಡೋಣ ಎಂದರು ಕಿಂಗ್. ಜೀಪಿನಲ್ಲಿ ಕೆಸರು ಕಂಡಾಗ ಮಾತ್ರ ‘ಫೋರ್ ವೀಲ್’ ಹಾಕುವುದು ರೂಢಿ. ಇದರಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಕಾಲ ಚಾಲನೆ. ಮಳೆಯಲ್ಲಿ ನೆನೆದ ಹೆದ್ದಾರಿಯಲ್ಲಿಯೂ ಹಿಡಿತ ತಪ್ಪದೆಂಬುದು ಅದರಿಂದ ಸಿಕ್ಕ ಕೊಸರು ಲಾಭ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು ಬಂದದ್ದು ಹೀಗೆಯೇ. ಗಂಟೆಗೆ 150 ಕಿಲೋಮೀಟರ್ ಹತ್ತಿರ ಓಡುವ ಭಾರದ ಗಾಡಿಯನ್ನು ನಿಲ್ಲಿಸಲೂ ಬೇಕಲ್ಲ. ಚಾಲಕನ ಆಸನ ಎತ್ತರದಲ್ಲಿ, ನೆಟ್ಟಗೆ. ಬಾನೆಟ್ಟಿನ ಎರಡೂ ಮೂಲೆಗಳಲ್ಲಿ ಕೋಟೆಯ ತೆನೆಯಂತೆ ಸ್ವಲ್ಪ ಎದ್ದ ಏಣು. ಇವೆರಡೂ ಕಿರಿದಾದ ಕಾಡುಹಾದಿಯಲ್ಲಿ ಗಾಡಿಯ ಅಂಚು ಎಲ್ಲಿದೆಯೆಂದು ತಿಳಿಯಲು ಮಾಡಿದ ಉಪಾಯ. ಎಂಜಿನಿಯರುಗಳು ಮಾದರಿಗೆ ತೊಡಿಸಿದ್ದ ತಾತ್ಕಾಲಿಕ ಮೈಯನ್ನೇ ವಿನ್ಯಾಸಕ ಡೇವಿಡ್ ಬೇಚ್ ಸ್ವಲ್ಪ ತಿದ್ದಿ ನೇರ್ಪುಗೊಳಿಸಿದರು. ಲೂವ್ರ್ ತಲುಪಿದ್ದು ಆ ಮೈ.

ಒಂದೊಂದಾಗಿ ನೋಡಿದರೆ ಇವೆಲ್ಲ ರೈತನ ಅನುಕೂಲಗಳು. ಒಟ್ಟಿಗೆ ನೋಡಿದರೆ? ತೇಲುವಂಥ ಸವಾರಿ, ಬಿಗಿ ಹಿಡಿತ, ಬೇಕಾದಷ್ಟು ವೇಗ, ಉಳಿದವರ ತಲೆಯ ಮೇಲಿಂದ ನೋಡುವ ಎತ್ತರದ ಪೀಠ. ಕಾಡುಹಾದಿಯ ಅಂಚು ನೋಡಲೆಂದು ಮಾಡಿದ ಆ ಪೀಠ ಲಂಡನ್ನಿನ ಬೀದಿಯಲ್ಲಿ ಸಿಂಹಾಸನದಂತೆ ಕಂಡರೆ ಆಶ್ಚರ್ಯವೇನು? 1970ರ ಜೂನ್ 17ರಂದು ಬಿಡುಗಡೆಯಾದಾಗ ಬೆಲೆ 1,998 ಪೌಂಡು. ಕೊಳ್ಳಲು ಸಾಲು ನಿಂತವರಲ್ಲಿ ರೈತರಷ್ಟೇ ಇರಲಿಲ್ಲ. ವಾರವಿಡೀ ನಗರದ ಕಚೇರಿ, ಭಾನುವಾರ ಹಳ್ಳಿಯ ಬಂಗಲೆ ಎನ್ನುವ ಅನುಕೂಲಸ್ಥರೂ ಇದ್ದರು. ಎರಡು ಕಾರು ಇಟ್ಟುಕೊಳ್ಳುವ ಬದಲು ಒಂದರಲ್ಲೇ ಎರಡೂ ಕೆಲಸ!

ಹಾಗೆಂದು ಅದು ಬರಿಯ ಷೋಕಿಯ ಗಾಡಿಯೇನಲ್ಲ. 1971–72ರಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿ ಜಾನ್ ಬ್ಲ್ಯಾಷ್‌ಫರ್ಡ್ ಸ್ನೆಲ್ ಅವರ ನೇತೃತ್ವದ ತಂಡವೊಂದು ಎರಡು ರೇಂಜ್ ರೋವರುಗಳನ್ನು ಉತ್ತರದ ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಒಯ್ದಿತು. ದಾರಿಯಲ್ಲಿ ಪನಾಮ ಮತ್ತು ಕೊಲಂಬಿಯದ ನಡುವೆ ಡೇರಿಯನ್ ಎಂಬ ಕಾಡು ಮತ್ತು ಜೌಗು. ಎರಡು ಖಂಡಗಳನ್ನು ಜೋಡಿಸುವ ಹೆದ್ದಾರಿ ಇಂದಿಗೂ ತುಂಡಾಗಿ ನಿಂತಿರುವ ಜಾಗ ಅದು. ಸುಮಾರು 400 ಕಿಲೋಮೀಟರ್ ದಾಟಲು ನೂರು ದಿನಗಳಷ್ಟು ಹಿಡಿಯಿತು. ಮರ ಕಡಿದು ದಾರಿ ಮಾಡಬೇಕು, ನದಿ ಬಂದರೆ ತೆಪ್ಪದ ಮೇಲೆ ಗಾಡಿ ತೇಲಿಸಬೇಕು. ಅತಿಭಾರ ಹೇರಿದ್ದರಿಂದ ಆಕ್ಸಲ್ಲಿನ ಡಿಫರೆನ್ಷಿಯಲ್ಲುಗಳು ಒಡೆದವು. ಬಿಡಿಭಾಗಗಳನ್ನು ಇಂಗ್ಲೆಂಡಿನಿಂದ ತರಿಸಬೇಕಾಯಿತು. ಆಗ ಪನಾಮದಲ್ಲೇ ಕೊಂಡ ಹಳೆಯ ಸಾದಾ ಲ್ಯಾಂಡ್ ರೋವರ್ ಒಂದು ಮುಂದೆ ಹೋಗಿ ದಾರಿ ಮಾಡಿಕೊಟ್ಟಿತು. ಜಾಹೀರಾತಿನವರಿಗೆ ಈ ಹಳಬನ ಮೇಲೆ ಅಷ್ಟು ಅಕ್ಕರೆ ಇದ್ದಂತಿಲ್ಲ. 1979ರಲ್ಲಿ ಆರಂಭವಾದ ಪ್ಯಾರಿಸ್–ಡಾಕಾರ್ ಮರುಭೂಮಿ ಪಂದ್ಯದ ಕಾರುಗಳಲ್ಲಿ ಮೊದಲು ಬಂದದ್ದೂ ರೇಂಜ್ ರೋವರೇ, 1981ರಲ್ಲಿ ಮತ್ತೊಮ್ಮೆ.

ಇಷ್ಟೆಲ್ಲ ಹೆಸರು ಬಂದರೂ ಗಾಡಿ ಹನ್ನೊಂದು ವರ್ಷ ಬಹುಪಾಲು ಇದ್ದ ಹಾಗೆಯೇ ಇತ್ತು, ಬಾಗಿಲು ಎರಡೇ. ಕಾರಣ ಹಣಕಾಸಿನದು. ರೋವರ್ ಅಷ್ಟರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ಅವಿಭಕ್ತ ಕುಟುಂಬದ ಪಾಲಾಗಿತ್ತು. ಮುಷ್ಕರ, ನಷ್ಟ, ಒಳಜಗಳಗಳಿಂದ ಆ ಮನೆ ನಲುಗಿ 1975ರಲ್ಲಿ ಸರ್ಕಾರದ ಕೈಗೆ ಬಂತು. ದುಡಿಯುವ ಮಗನ ಸಂಪಾದನೆ ಉಳಿದವರ ಸಾಲಕ್ಕೆ ಹೋಗುವುದು ಅವಿಭಕ್ತ ಕುಟುಂಬ ಕಂಡವರಿಗೆ ಹೊಸದಲ್ಲ. ಕಂಪೆನಿ ಮಾಡದ್ದನ್ನು ಹೊರಗಿನವರು ಮಾಡಿದರು. ಸ್ವಿಟ್ಜರ್ಲೆಂಡಿನ ಮೊಂಟೆವರ್ಡಿ ಸಂಸ್ಥೆ ನಾಲ್ಕು ಬಾಗಿಲಿನ ರೇಂಜ್ ರೋವರ್ ಮಾಡಿ ಮಾರಿತು. ಲಂಡನ್ನಿನ ಕುಶಲಕರ್ಮಿಗಳು ಅರಬ್ ಶೇಖರಿಗಾಗಿ ಗಾಡಿಯನ್ನು ಕತ್ತರಿಸಿ ಉದ್ದ ಮಾಡಿ, ಚರ್ಮ ಹೊದಿಸಿ ಕೊಟ್ಟರು. ತೈಲದ ಬೆಲೆ ಏರಿ ಯೂರೋಪು ತತ್ತರಿಸುತ್ತಿದ್ದಾಗ ಪೆಟ್ರೋಲು ಹೀರುವ ಈ ವಾಹನಕ್ಕೆ ತೈಲದ ದೊರೆಗಳು ಒದಗಿಬಂದದ್ದು ಸಹಜವೇ.

ಗಿರಾಕಿ ಯಾರೆಂದು ಕಂಪೆನಿಗೆ ಕೊನೆಗೂ ತಿಳಿಯಿತು. 1981 ತಿರುವಿನ ವರ್ಷ. ನಾಲ್ಕು ಬಾಗಿಲುಗಳು ಬಂದವು. ಅದೇ ವರ್ಷ ‘ವೋಗ್’ ಎಂಬ ಫ್ಯಾಷನ್ ಪತ್ರಿಕೆಯವರು ಫ್ರಾನ್ಸಿನ ಕಡಲತೀರದ ಬಿಯರಿಟ್ಸ್‌ನಲ್ಲಿ ರೂಪದರ್ಶಿಗಳ ಚಿತ್ರ ತೆಗೆಯಲು ವಿಶೇಷ ಸಜ್ಜಿನ ಒಂದು ರೇಂಜ್ ರೋವರ್ ಬಳಸಿದರು. ಅದಕ್ಕೆ ಬಂದ ಮೆಚ್ಚುಗೆ ಕಂಡು, ಮರದ ಪಟ್ಟಿ ಮತ್ತು ವನಭೋಜನದ ಬುಟ್ಟಿ ಸಮೇತ ಅಂಥದ್ದೇ ಗಾಡಿಗಳನ್ನು ಮಾರಾಟಕ್ಕಿಟ್ಟರು. ‘ವೋಗ್’ ಎಂಬ ಹೆಸರು ರೇಂಜ್ ರೋವರಿಗೆ ಅಲ್ಲಿಂದ ಅಂಟಿತು. ಪೈಪಿನ ನೀರಿನ ಕಾಲ ಮುಗಿದದ್ದು ಆಗಲೇ ಎನ್ನಬಹುದು. ಮರುವರ್ಷ ಆಟೊಮ್ಯಾಟಿಕ್ ಗೇರು, 1987ರಲ್ಲಿ ಅಮೆರಿಕದ ಮಾರುಕಟ್ಟೆ, 1992ರಲ್ಲಿ ಉದ್ದನೆಯ ಮಾದರಿಯೊಂದಿಗೆ ಗಾಳಿಚೀಲದ ಸ್ಪ್ರಿಂಗು. ಎಲಿಜಬೆತ್ ರಾಣಿ ತಮ್ಮ ಎಸ್ಟೇಟುಗಳಲ್ಲಿ ತಾವೇ ಓಡಿಸುತ್ತಿದ್ದುದು ಲೋಕಕ್ಕೆಲ್ಲ ಗೊತ್ತಿದ್ದ ಸಂಗತಿ. ಅದಕ್ಕಿಂತ ದೊಡ್ಡ ಜಾಹೀರಾತು ಬೇಕೆ? 1996ರಲ್ಲಿ ನಿಲ್ಲುವ ಹೊತ್ತಿಗೆ ಮೊದಲ ಪೀಳಿಗೆಯ ಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾಗಿದ್ದವು.

1994ರಲ್ಲಿ ಬಂದ ಎರಡನೆಯ ಪೀಳಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲೆಕ್ಟ್ರಾನಿಕ್ ಸಲಕರಣೆಗಳ ಕಾಯಿಲೆಗೆ ಅದು ಹೆಸರಾಯಿತು. ಆ ವರ್ಷವೇ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ರೋವರನ್ನು ಕೊಂಡಿತು. ಮೂರನೆಯ ಪೀಳಿಗೆಯನ್ನು ಜರ್ಮನರು ಧಾರಾಳವಾಗಿ ಹಣ ಸುರಿದು ರೂಪಿಸಿದರು. ಅದು ರಸ್ತೆಗೆ ಬರುವ ಮುನ್ನವೇ, 2000ದಲ್ಲಿ, ಲ್ಯಾಂಡ್ ರೋವರನ್ನು ಅಮೆರಿಕದ ಫೋರ್ಡ್‌ಗೆ ಮಾರಿದರು. ಹೆತ್ತವರು ಒಬ್ಬರು, ನಾಮಕರಣ ಮಾಡಿದವರು ಇನ್ನೊಬ್ಬರು. ಈ ಮಾದರಿಯಲ್ಲಿ ಆದ ಬದಲಾವಣೆ ಮಾತ್ರ ಆಳವಾದದ್ದು. ಅದುವರೆಗೆ ಏಣಿಯಂಥ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಕೂರಿಸುತ್ತಿದ್ದರು. ಈಗ ಕಾರಿನಂತೆ ಎರಡೂ ಒಂದೇ ಆದವು. ಎಡ ಬಲ ಚಕ್ರಗಳನ್ನು ಜೋಡಿಸುವ ಇಡಿಯ ಆಕ್ಸಲ್ ಹೋಗಿ ಪ್ರತಿ ಚಕ್ರವೂ ಸ್ವತಂತ್ರವಾಯಿತು. ಹಳೆಯ ಆಕ್ಸಲ್ಲಿಗೆ ಒಂದು ಗುಣವಿತ್ತು: ಒಂದು ಚಕ್ರ ಬಂಡೆಯೇರಿದಾಗ ಅದು ಜೊತೆಯ ಚಕ್ರವನ್ನು ತಕ್ಕಡಿಯಂತೆ ಕೆಳಗೆ ಒತ್ತುತ್ತಿತ್ತು. ಆ ಗುಣವನ್ನು ಮರಳಿ ತರಲು ಎಡ ಬಲದ ಗಾಳಿಚೀಲಗಳನ್ನು ಕೊಳವೆಯಿಂದ ಜೋಡಿಸಿ, ಬೇಕೆಂದಾಗ ಒಂದರ ಗಾಳಿ ಮತ್ತೊಂದಕ್ಕೆ ಹರಿಯುವಂತೆ ಮಾಡಿದರು. ಕಬ್ಬಿಣದ ತೊಲೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರು ದುಬಾರಿಯಾಗಿ ಮಾಡಿತು. ಮಾಡಿದ್ದು ಮಾತ್ರ ಚೆನ್ನಾಗಿಯೇ.

ಇಂಗ್ಲೆಂಡಿನಲ್ಲಿ ಈ ವಾಹನಗಳಿಗೆ ಹೊಸ ಅಡ್ಡಹೆಸರು ಬಿದ್ದದ್ದು ಈ ಕಾಲದಲ್ಲಿ: ‘ಚೆಲ್ಸಿ ಟ್ರ್ಯಾಕ್ಟರ್’. ಲಂಡನ್ನಿನ ಸಿರಿವಂತರ ಬಡಾವಣೆಯಲ್ಲಿ ಒಂದು ಮಗುವನ್ನು ಶಾಲೆಗೆ ಬಿಡಲು ಎರಡು ಟನ್ನಿಗೂ ಮೀರಿದ ಗಾಡಿ ಬೇಕೆ ಎಂಬ ಹಂಗಿಸುವಿಕೆ. 2004ರಲ್ಲಿ ಹೀಗೆ ಹಂಗಿಸಿದವರ ಸಾಲಿಗೆ ಒಬ್ಬರು ಅನಿರೀಕ್ಷಿತವಾಗಿ ಸೇರಿದರು. ಸ್ವತಃ ಸ್ಪೆನ್ ಕಿಂಗ್! ತಾವು ಮಾಡಿದ್ದು ಹಳ್ಳಿಗಾಡಿನ ವಾಹನ, ಪಟ್ಟಣದಲ್ಲಿ ಶಾಲೆಗೆ ಮಕ್ಕಳನ್ನು ಬಿಡಲು ಅದನ್ನು ಬಳಸುವುದು ಮೂರ್ಖತನ, ಅದೀಗ ಬಡಾಯಿಯವರ ಪಾಲಾಗಿದೆ ಎಂಬರ್ಥದ ಮಾತನ್ನು ಅವರು ಮುಲಾಜಿಲ್ಲದೆ ಆಡಿದರು. ಅವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಈ ಲೇಖಕನಿಗೆ ಅನ್ನಿಸುವುದು, ಆ ಸುಖದ ಬಾಗಿಲನ್ನು ತೆರೆದವರೂ ಅವರೇ. ನಡು ಮುರಿಯುವ ಗಾಡಿಯಾಗಿಯೇ ಉಳಿದಿದ್ದರೆ ಚೆಲ್ಸಿಯ ಜನ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಬಡಾಯಿಯವರ ಹಣವಿಲ್ಲದಿದ್ದರೆ ಸಾಲಿಹಲ್ ಕಾರ್ಖಾನೆಯ ಗತಿ ಏನಾಗುತ್ತಿತ್ತೋ. ಜೊತೆಗೇ ಬೆಳೆದ ರೋವರ್ ಕಾರುಗಳ ಕಂಪೆನಿ 2005ರಲ್ಲಿ ಮುಚ್ಚಿಹೋಯಿತು. ಕಿಂಗ್ 2010ರಲ್ಲಿ ತಮ್ಮ 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಸೈಕಲ್ ತುಳಿಯುತ್ತಿದ್ದಾಗ ವ್ಯಾನೊಂದರೊಡನೆ ಆದ ಅಪಘಾತ ಅದಕ್ಕೆ ಕಾರಣ.

ಅಷ್ಟರಲ್ಲಿ ಕಂಪೆನಿ ನಮ್ಮ ದೇಶದವರದಾಗಿತ್ತು. 2008ರ ಜೂನ್‌ನಲ್ಲಿ ಟಾಟಾ ಮೋಟಾರ್ಸ್ 230 ಕೋಟಿ ಡಾಲರಿಗೆ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಫೋರ್ಡ್‌ನಿಂದ ಕೊಂಡಿತು. ಕೆಲವೇ ತಿಂಗಳಲ್ಲಿ ಜಗತ್ತಿನ ಹಣಕಾಸು ವ್ಯವಸ್ಥೆ ಕುಸಿದಾಗ ಈ ಖರೀದಿ ದುಸ್ಸಾಹಸವೆಂದು ಅನೇಕರು ತೀರ್ಪು ಕೊಟ್ಟಿದ್ದರು. ಮುಂದೆ ಚೀನಾದ ಹೊಸ ಶ್ರೀಮಂತರು ಆ ತೀರ್ಪನ್ನು ತಿರುಗಿಸಿದರು. 2012ರ ನಾಲ್ಕನೆಯ ಪೀಳಿಗೆಗೆ ಇಡಿಯಾಗಿ ಅಲ್ಯುಮಿನಿಯಂ ಮೈ ಬಂತು. ಇಂಥ ವಾಹನಗಳಲ್ಲಿ ಇದೇ ಮೊದಲು. ತೂಕದಲ್ಲಿ 420 ಕಿಲೋವರೆಗೆ ಉಳಿತಾಯ. 1948ರಲ್ಲಿ ಉಕ್ಕಿಗೆ ಗತಿಯಿಲ್ಲದೆ ಬಳಸಿದ ಲೋಹ ಈಗ ಹೆಮ್ಮೆಯ ಲೋಹ. ತೊಂಬತ್ತು ಸೆಂಟಿಮೀಟರ್ ಆಳದ ನೀರಿನಲ್ಲಿ ಅದು ಸಾಗಬಲ್ಲುದು, ಅಂದರೆ ದೊಡ್ಡವರ ಸೊಂಟದ ಹತ್ತಿರಕ್ಕೆ. 2021ರಲ್ಲಿ ಬಂದ ಐದನೆಯ ಪೀಳಿಗೆಗೂ ಆ ಶಕ್ತಿಯಿದೆ. ಎರಡು ಕೋಟಿಯ ಗಾಡಿಯನ್ನು ಹೊಳೆಗೆ ಇಳಿಸುವವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಅದೇ ಹೆಸರಿನಡಿ 2011ರಿಂದ ಬಂದ ಇವೋಕ್ ಎಂಬ ಚಿಕ್ಕ ಮಾದರಿಯಲ್ಲಿ ಬರಿಯ ಮುಂದಿನ ಎರಡು ಚಕ್ರ ತಿರುಗುವ ಬಗೆಯನ್ನೂ ಮಾರಿದರು. ಸದಾ ನಾಲ್ಕು ಚಕ್ರದ ಚಾಲನೆಯಿಂದ ಹೆಸರು ಮಾಡಿದ ಮನೆತನದಲ್ಲಿ ಇದು ಎಂಥ ಸೋಜಿಗ!

ಇನ್ನು ಒಂದು ಹೆಸರಿನ ಸಂಗತಿ. 1969ರ ಸುಮಾರಿಗೆ ಮೊದಲ ರೇಂಜ್ ರೋವರುಗಳನ್ನು ಬಿಡುಗಡೆಗೆ ಮುನ್ನ ರಸ್ತೆಯಲ್ಲಿ ಪರೀಕ್ಷಿಸಬೇಕಾಗಿತ್ತು. ಯಾರ ಗಾಡಿಯೆಂದು ತಿಳಿಯಬಾರದೆಂದು ಅವುಗಳ ಮೂತಿಯ ಮೇಲೆ ‘ವೆಲಾರ್’ ಎಂಬ ಸುಳ್ಳು ಹೆಸರನ್ನು ಅಂಟಿಸಿದ್ದರು; ಮುಸುಕು ಎಂಬರ್ಥದ ಲ್ಯಾಟಿನ್ ಮೂಲದ ಪದ ಅದು. ಆ ಮರೆಯ ಹೆಸರನ್ನೇ 2017ರಲ್ಲಿ ಹೊಸ ಮಾದರಿಯೊಂದಕ್ಕೆ ಇಟ್ಟು, ದೊಡ್ಡ ಅಕ್ಷರದಲ್ಲಿ ಬರೆದು ಮಾರಿದರು. 2019ರಿಂದ ಅದರ ಬಿಡಿಭಾಗಗಳನ್ನು ಪುಣೆಯ ಕಾರ್ಖಾನೆಯಲ್ಲಿ ಜೋಡಿಸತೊಡಗಿದರು. 2024ರಲ್ಲಿ ದೊಡ್ಡ ರೇಂಜ್ ರೋವರಿನ ಜೋಡಣೆಯೂ ಅಲ್ಲಿ ಶುರುವಾಯಿತು. ಆಗ ಆ ವಾಹನ ಹುಟ್ಟಿ 54 ವರ್ಷಗಳಾಗಿದ್ದವು.